ಸಂಜೆ ಐದಕ್ಕೆ ಬಂದವನಿಗೂ ಪೂರ್ತಿ ಕೂಲಿ ಯಾಕೆ?

ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುವವನು ನಾನು. ಕ್ರೈಸ್ತ ಅಂತ ಗೊತ್ತಾದ ಮೇಲೆ ಜೊತೆಯವರು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: "ಅಲ್ಲ ಸಾರ್, ಎಲ್ಲಾ ಪಾಪಾನೂ ದೇವ್ರು ಪುಕ್ಕಟೆ ಮಾಫಿ ಮಾಡ್ಬುಟ್ರೆ, ನೆಟ್ಟಗೆ ಬದುಕಿದೋನಿಗೆ ಏನ್ ಸಿಕ್ತು?" ಪಾಂಡವಪುರ ಬರುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ದೇವರು ಪುಕ್ಕಟೆಯಾಗಿ ಕೊಡುವ ಇದನ್ನು ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ ಎಂಬ ಪ್ರಾಟೆಸ್ಟಂಟ್ ಪಂಗಡ) ಸಭೆಯಲ್ಲಿ 'ಕೃಪೆ' ಎನ್ನುತ್ತೇವೆ. ನನ್ನ ಹೆಂಡತಿ ಕಥೋಲಿಕ ಮನೆಯವಳು, ಅವಳ ಬಾಯಲ್ಲಿ ಅದು 'ವರಪ್ರಸಾದ'. ಪ್ರಸಾದ ಎಂದರೇನೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಕೈಯೊಡ್ಡಿದವನ ಯೋಗ್ಯತೆ ಅಳೆದು ಅದನ್ನು ಯಾರೂ ಕೊಡುವುದಿಲ್ಲ. ಈ ಕೃಪೆಯ ವಿಚಾರಕ್ಕೇ 16ನೇ ಶತಮಾನದಲ್ಲಿ ಕ್ರೈಸ್ತರು ದೊಡ್ಡ ಜಗಳವಾಡಿ ಕಥೋಲಿಕರು, ಪ್ರಾಟೆಸ್ಟಂಟರು ಅಂತ ಬೇರೆಯಾದರು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಪ್ರಾಟೆಸ್ಟಂಟರಲ್ಲಿ ಒಂದು ಪಂಗಡವಾದ ಲೂಥರನ್ನರೂ ಒಂದು ಮಾತಿಗೆ ಸಹಿ ಹಾಕಿದರು: ನಮ್ಮ ಪುಣ್ಯ ನೋಡಿ ಅಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾರೆ. 2006ರಲ್ಲಿ ಇನ್ನೊಂದು ಪ್ರಾಟೆಸ್ಟಂಟ್ ಪಂಗಡವಾದ ಮೆಥೋಡಿಸ್ಟರೂ ಸೇರಿಕೊಂಡರು. ಮೈಸೂರು ಸೀಮೆಯಲ್ಲಿ ಮೊದಲು ಸೇವೆ ಮಾಡಿದವರಲ್ಲಿ ವೆಸ್ಲಿಯನ್ ಮೆಥೋಡಿಸ್ಟ್ ಮಿಷನರಿಗಳೂ ಇದ್ದುದರಿಂದ ನಮ್ಮ ಮನೆಗೆ ಇದು ದೂರದ ಸುದ್ದಿಯಲ್ಲ.

ಇನ್ನು ಪ್ರಶ್ನೆಗೆ ಬರೋಣ. ಬೈಬಲಿನ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯ, ಅಂದರೆ ದೃಷ್ಟಾಂತ ಕಥೆ, ಒಂದಿದೆ. ದ್ರಾಕ್ಷಿ ತೋಟದ ಯಜಮಾನ ಬೆಳಗ್ಗೆ ಕೂಲಿಯಾಳುಗಳನ್ನು ಕರೆತರುತ್ತಾನೆ. ಒಂಬತ್ತಕ್ಕೆ, ಮಧ್ಯಾಹ್ನಕ್ಕೆ, ಮೂರಕ್ಕೆ, ಕೊನೆಗೆ ಐದಕ್ಕೂ ಹೋಗಿ ಇನ್ನಷ್ಟು ಜನರನ್ನು ಕರೆಯುತ್ತಾನೆ. ಸಂಜೆ ಎಲ್ಲರಿಗೂ ಒಂದೇ ಕೂಲಿ, ಒಂದು ದಿನಾರಿ. ಬೆಳಗಿನಿಂದ ಬಿಸಿಲಲ್ಲಿ ಬೆಂದವರು ಗೊಣಗುತ್ತಾರೆ. ಆ ಗೊಣಗಾಟವೇ ನಮ್ಮ ರೈಲಿನ ಪ್ರಶ್ನೆ.

ಆದರೆ ಐದು ಗಂಟೆಗೆ ಯಜಮಾನ "ಯಾಕೆ ಸುಮ್ಮನೆ ನಿಂತಿದ್ದೀರಿ?" ಅಂದಾಗ ಅವರು ಕೊಟ್ಟ ಉತ್ತರವನ್ನು ನಾವು ಓದಿಯೂ ಓದದವರಂತೆ ದಾಟಿಬಿಡುತ್ತೇವೆ. "ನಮ್ಮನ್ನು ಯಾರೂ ಕರೆಯಲಿಲ್ಲ." ಬೆಳಗ್ಗೆ ಸರ್ಕಲ್ಲಿನಲ್ಲಿ ಬುತ್ತಿ ಹಿಡಿದು ನಿಂತವರನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಹತ್ತು ಗಂಟೆಯಾದರೂ ಮೇಸ್ತ್ರಿ ಕರೆಯದಿದ್ದರೆ ಅದೇ ಬುತ್ತಿ ಹಿಡಿದು ಮನೆಗೆ ಹೋಗಬೇಕು. ದಿನಾರಿ ಅಂದರೆ ಆಗಿನ ಒಂದು ದಿನದ ಕೂಲಿ. ಒಂದು ಗಂಟೆ ದುಡಿದವನ ಮನೆಯಲ್ಲೂ ಹಸಿವು ಇಡೀ ದಿನದ್ದೇ. ಯಜಮಾನ ಗಂಟೆ ಲೆಕ್ಕ ಹಾಕಲಿಲ್ಲ, ಹಸಿವಿನ ಲೆಕ್ಕ ಹಾಕಿದ. ನಾನು ಕೃಪೆಯನ್ನು ಅರ್ಥಮಾಡಿಕೊಂಡದ್ದು ಇಲ್ಲಿಂದ.

ಹಾಗಾದರೆ ನಾಳೆಯಿಂದ ಎಲ್ಲರೂ ಐದಕ್ಕೇ ಬರುತ್ತಾರಲ್ಲ? ಬೈಬಲಿನಲ್ಲಿರುವ ಹಲವು ಪತ್ರಗಳನ್ನು ಬರೆದ ಪೌಲನ ಕಾಲದಲ್ಲೂ ಈ ಪ್ರಶ್ನೆ ಇತ್ತು. ಕೃಪೆ ಹೆಚ್ಚಲಿ ಅಂತ ಪಾಪ ಮಾಡುತ್ತಲೇ ಇರೋಣವೇ ಎಂದು ತಾನೇ ಕೇಳಿ, ಎಂದಿಗೂ ಇಲ್ಲ ಎನ್ನುತ್ತಾನೆ. ಇನ್ನೊಂದು ಕಡೆ, ತಾನು ಏನಾಗಿದ್ದೇನೋ ಅದೆಲ್ಲ ದೇವರ ಕೃಪೆ ಅಂದವನೇ, ಎಲ್ಲರಿಗಿಂತ ಹೆಚ್ಚು ದುಡಿದೆ ಅಂತಲೂ ಬರೆಯುತ್ತಾನೆ. ಈ ಎರಡು ಮಾತು ಒಟ್ಟಿಗೆ ಹೇಗೆ ನಿಲ್ಲುತ್ತವೆ ಎಂಬುದನ್ನು ನಾನು ನಮ್ಮಪ್ಪನಲ್ಲಿ ನೋಡಿದ್ದೇನೆ.

ಅಪ್ಪ ಗಾರೆ ಕೆಲಸದವರು. ಒಂದು ವಾರ ಜ್ವರ ಬಂದು ಮೂರು ದಿನ ಮಲಗಿಬಿಟ್ಟರು. ಶನಿವಾರದ ಬಟವಾಡೆಯಲ್ಲಿ ಮೇಸ್ತ್ರಿ ಆರು ದಿನದ ದುಡ್ಡು ಎಣಿಸಿದರು. "ಬಂದಿದ್ದು ಮೂರೇ ದಿನ ಕಣಣ್ಣ," ಅಂದರಂತೆ ಅಪ್ಪ. "ಒಲೆ ಆರು ದಿನಾನೂ ಉರೀಬೇಕಲ್ವಾ, ಮಡಿಕೋ," ಅಂದರಂತೆ ಮೇಸ್ತ್ರಿ. ಆ ದುಡ್ಡನ್ನು ಅವ್ವನ ಕೈಗೆ ಕೊಡುವಾಗ ಅಪ್ಪನ ಕಣ್ಣು ಒದ್ದೆಯಾಗಿತ್ತು.

ಸೋಮವಾರ ಇನ್ನೂ ಕತ್ತಲು. ಅಪ್ಪ ಆಗಲೇ ಎದ್ದು ಕರಣೆ ತೊಳೆಯುತ್ತಿದ್ದರು. "ಇಷ್ಟು ಬೇಗ ಯಾಕೆ, ಯಾರಾದ್ರೂ ಹೇಳಿದ್ರಾ?" ಅಂತ ಅವ್ವ ಕೇಳಿದರು. "ಯಾರೂ ಹೇಳಿಲ್ಲ," ಅಂದು ಅಪ್ಪ ಸೈಕಲ್ ಹತ್ತಿದರು. ಆ ಮೂರು ದಿನದ ಮಾತನ್ನು ಮೇಸ್ತ್ರಿ ಮುಂದೆಂದೂ ಎತ್ತಲಿಲ್ಲ.