ಗುಲ್ಮಾರ್ಗ್ ಹಿಮದಡಿಯ ರವೆ ಪದರ, ಮತ್ತು ಮೊದಲ ಹತ್ತು ನಿಮಿಷ

ಮೊದಲು ಒಂದು ಪದದ ಗೊಂದಲ. ನಮ್ಮ ಪತ್ರಿಕೆಗಳು ಆಕಾಶದಿಂದ ಹಿಮ ಸುರಿದರೂ ‘ಹಿಮಪಾತ’ ಅನ್ನುತ್ತವೆ, ಬೆಟ್ಟದ ಮೈಯಿಂದ ಅದು ಕಳಚಿ ಬಿದ್ದರೂ ‘ಹಿಮಪಾತ’ ಅನ್ನುತ್ತವೆ. ಇಲ್ಲಿರುವುದು ಎರಡನೆಯದರ ಮಾತು, ಹಿಮಕುಸಿತ ಅನ್ನೋಣ.

ಕಾಶ್ಮೀರದ ಗುಲ್ಮಾರ್ಗ್‌ನ ಗೊಂಡೊಲಾ, ಅಂದರೆ ಕೇಬಲ್ ಕಾರು, ಎರಡನೇ ಹಂತದಲ್ಲಿ ನಮ್ಮನ್ನು ಅಫರ್ವತ್ ಬೆಟ್ಟದ ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ದು ಬಿಡುತ್ತದೆ. ಬೆವರದೆ ಅಷ್ಟು ಮೇಲೇರುವುದರಲ್ಲೇ ಅಪಾಯವಿದೆ: ನಡೆದು ಹತ್ತಿದವರಿಗೆ ಕಾಲಡಿಯ ಹಿಮ ಹೇಳುವ ಸುದ್ದಿ ಗೊಂಡೊಲಾದಲ್ಲಿ ಬಂದವರಿಗೆ ಸಿಗುವುದಿಲ್ಲ. ಸ್ಕೀ ಗಸ್ತು ತಂಡದ ನಿಗಾ ಇರುವುದು ಲಿಫ್ಟ್ ಪಕ್ಕದ ಬಟ್ಟಲಿನಾಕಾರದ ಇಳಿಜಾರಿಗೆ ಮಾತ್ರ. 2023ರ ಫೆಬ್ರವರಿ 1ರಂದು ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಹಿಮಕುಸಿತಕ್ಕೆ ಸಿಕ್ಕಿ ಸತ್ತದ್ದು ಇದೇ ಅಫರ್ವತ್‌ನ ಹಾಪತ್ ಖುದ್‌ನಲ್ಲಿ.

ಬಿರುಗಾಳಿಗಳ ನಡುವೆ ವಾರಗಟ್ಟಲೆ ಒಣ ಚಳಿ ಹಿಡಿದರೆ ಹಳೆಯ ತೆಳು ಹಿಮ ಹರಳಾಗುತ್ತದೆ. ಹಿಡಿಯಲ್ಲಿ ತೆಗೆದುಕೊಂಡರೆ ಬನ್ಸಿ ರವೆಯಂತೆ ಬೆರಳ ಸಂದಿಯಿಂದ ಸೋರುತ್ತದೆ, ಉಂಡೆ ಕಟ್ಟುವುದಿಲ್ಲ. ಅದರ ಮೇಲೆ ಹೊಸ ಹಿಮ ಬಿದ್ದು ಗಾಳಿಗೆ ಹಲಗೆಯಂತೆ ಬಿಗಿದರೆ ಬಲೆ ಸಿದ್ಧ. ಕಾಲಿಟ್ಟಾಗ ಒಳಗಿನಿಂದ ‘ಧುಮ್’ ಎಂದರೆ, ಸ್ಕೀ ತುದಿಯಿಂದ ಬಿರುಕು ಓಡಿದರೆ, ಅಂದಿನ ಯೋಜನೆ ಅಲ್ಲಿಗೇ ಮುಗಿಯಿತು. ಒಂದೇ ದಿನದಲ್ಲಿ 30 ಸೆಂಟಿಮೀಟರ್ ಹೊಸ ಹಿಮ ಬಿದ್ದಿದ್ದರೂ ಅದೇ ಎಚ್ಚರ.

ಹಲಗೆ ಕಳಚುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. 38ರ ಆಸುಪಾಸು ಅತಿ ಕೆಟ್ಟದ್ದು. ಸ್ಕೀ ಮಾಡಲು ಮಜಾ ಕೊಡುವುದೂ ಅದೇ, ಏನು ಮಾಡುವುದು! ಕೋನವನ್ನು ಕಣ್ಣಂದಾಜಿಗೆ ಬಿಡದೆ ಕ್ಲೈನೋಮೀಟರ್‌ನಿಂದ ಅಳೆಯಿರಿ. ನಿಂತ ಜಾಗ 25 ಡಿಗ್ರಿ ಇದ್ದರೂ ತಲೆಯ ಮೇಲೆ ಕಡಿದಾದ ಇಳಿಜಾರಿದ್ದರೆ ಲೆಕ್ಕ ಬದಲಾಯಿತು. ಕೊರಕಲಿನ ತಳವಂತೂ ಬೇಡ: ಬಯಲಲ್ಲಿ ಮೊಣಕಾಲೆತ್ತರ ಹರಡುವ ಹಿಮ ಅಲ್ಲಿ ಆಳೆತ್ತರ ತುಂಬುತ್ತದೆ.

ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓದ ಪ್ರಯೋಗಾಲಯ ಡಿಜಿಆರ್‌ಇ ಹೊರಡಿಸುವ ಹಿಮಕುಸಿತದ ಮುನ್ನೆಚ್ಚರಿಕೆಯನ್ನು ಬೆಳಿಗ್ಗೆ ತಪ್ಪದೆ ನೋಡಿ. ಆದರೆ ಅದು ಜಿಲ್ಲೆ ಮತ್ತು ಎತ್ತರದ ಮಟ್ಟಕ್ಕೆ ಹೇಳುವ ಮಾತು, ನಿಮ್ಮೆದುರಿನ ಇಳಿಜಾರಿನ ಬಗ್ಗೆ ಅಲ್ಲ.

ಹೂತವರ ವಿಷಯಕ್ಕೆ ಬಂದರೆ, ಸಿಯಾಚಿನ್‌ನಲ್ಲಿ 2016ರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಜೀವ ಹಿಡಿದದ್ದು ನಮಗೆಲ್ಲ ನೆನಪಿದೆ. ಅದನ್ನು ಅಳತೆಗೋಲಾಗಿ ಹಿಡಿಯಬೇಡಿ. ಟೆಂಟಿನೊಳಗೆ ಸಿಕ್ಕ ಗಾಳಿಯ ಜಾಗ ಬಯಲಲ್ಲಿ ಹೂತವರಿಗೆ ಇರುವುದಿಲ್ಲ. ಮೊದಲ ಹತ್ತು ನಿಮಿಷದಲ್ಲಿ ತೆಗೆದರೆ ಬಹುಪಾಲು ಜನ ಬದುಕುತ್ತಾರೆ. ಅರ್ಧ ಗಂಟೆಯ ಹೊತ್ತಿಗೆ ಉಸಿರು ಕಟ್ಟಿ ಹೆಚ್ಚಿನವರು ಹೋಗಿರುತ್ತಾರೆ. ಕೆಳಗಿನಿಂದ ರಕ್ಷಣಾ ತಂಡ ಬರುವಷ್ಟು ಸಮಯವಿಲ್ಲ, ಅಗೆಯಬೇಕಾದವರು ಜೊತೆಗಿದ್ದವರೇ.

ಆದ್ದರಿಂದ 457 ಕಿಲೋಹರ್ಟ್ಸ್‌ನ ಟ್ರಾನ್ಸೀವರ್ (ಸಿಗ್ನಲ್ ಕಳಿಸುವ, ಹೂತವರ ಸಿಗ್ನಲ್ ಹುಡುಕುವ ಯಂತ್ರ), ಕನಿಷ್ಠ 240 ಸೆಂಟಿಮೀಟರ್ ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು) ಮತ್ತು ಲೋಹದ ಸಲಿಕೆ ಪ್ರತಿಯೊಬ್ಬರ ಬಳಿಯೂ ಇರಬೇಕು, ತಂಡಕ್ಕೊಂದಲ್ಲ. ಪ್ಲಾಸ್ಟಿಕ್ ಸಲಿಕೆ ಗಟ್ಟಿಯಾದ ಹಿಮಕ್ಕೆ ಮುರಿಯುತ್ತದೆ. ಹುಡುಕುವಾಗ ಮೊಬೈಲನ್ನು ಟ್ರಾನ್ಸೀವರ್‌ನಿಂದ ಅರ್ಧ ಮೀಟರ್ ದೂರವಿಡಿ, ಸಿಗ್ನಲ್ ಕೆಡುತ್ತದೆ. ಉಳಿದವರೆಲ್ಲ ‘ಸರ್ಚ್’ಗೆ ಬದಲಿಸಿಕೊಳ್ಳದಿದ್ದರೆ ಯಂತ್ರ ಪಕ್ಕದಲ್ಲಿ ನಿಂತವನನ್ನೇ ತೋರಿಸುತ್ತದೆ, ಗಾಬರಿಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಇದು. ಕೊನೆಯ ಮೂರು ಮೀಟರ್‌ನಲ್ಲಿ ಯಂತ್ರವನ್ನು ತಿರುಗಿಸದೆ ಹಿಮಕ್ಕೆ ತಾಗಿಸಿ ನಿಧಾನವಾಗಿ ಸರಿಸಿ, ಅದು ತೋರಿಸುವ ದೂರದ ಅತಿ ಚಿಕ್ಕ ಅಂಕಿ ಸಿಕ್ಕಲ್ಲಿಂದ 25 ಸೆಂಟಿಮೀಟರ್ ಅಂತರದಲ್ಲಿ ಸುರುಳಿಯಾಗಿ ಪ್ರೋಬ್ ಚುಚ್ಚುತ್ತ ಹೋಗಿ. ಪ್ರೋಬ್ ಇಳಿಜಾರಿಗೆ ಲಂಬವಾಗಿರಲಿ. ಹೂತವರಿಗೆ ತಾಗಿದರೆ ಅದನ್ನು ಕೀಳಬೇಡಿ.

ಸಮಯ ನಿಜವಾಗಿ ಹೋಗುವುದು ಅಗೆತದಲ್ಲಿ. ಪ್ರೋಬ್ ಪಕ್ಕದಲ್ಲೇ ನೇರ ಕೆಳಗೆ ಬಾವಿ ತೋಡಿದರೆ ಹಿಮ ಎಸೆಯಲು ಜಾಗವಿಲ್ಲ, ಮೇಲೆ ತುಳಿದು ಹೂತವರ ಗಾಳಿಯ ಪೊಳ್ಳೂ ಮುಚ್ಚುತ್ತದೆ. ಆಳದ ಒಂದೂವರೆ ಪಟ್ಟು ಇಳಿಜಾರಿನ ಕೆಳಕ್ಕೆ ಸರಿದು ನಿಂತು ಅಡ್ಡಲಾಗಿ ಕೊರೆಯಿರಿ: ಎರಡು ಮೀಟರ್ ಆಳವಿದ್ದರೆ ಮೂರು ಮೀಟರ್ ಕೆಳಗಿನಿಂದ. ಮುಂದಿನವರು ಹಿಮ ಕತ್ತರಿಸಲಿ, ಹಿಂದಿನವರು ದೋಣಿ ಹುಟ್ಟು ಹಾಕಿದಂತೆ ಹಿಂದಕ್ಕೆ ತಳ್ಳಲಿ. ಕೈ ಸೋಲುವ ಮೊದಲೇ ಜಾಗ ಬದಲಿಸಿಕೊಳ್ಳಿ. ಮುಖ ಕಂಡೊಡನೆ ಬಾಯಿ, ಮೂಗಿನ ಹಿಮ ತೆಗೆಯಿರಿ, ಆಮೇಲೆ ಎದೆಯ ಮೇಲಿನ ಭಾರ. ಕಾಲುಗಳು ಹಿಮದಲ್ಲೇ ಇರುವಾಗಲೂ ಬಾಯಿಗೆ ಉಸಿರು ಕೊಡಬಹುದು.