ಸ್ವಿಫ್ಟ್‌ಯುಐ: ಸಾಲಿನ ಅಗಲ ಪಟ್ಟಿಗೆ ಗೊತ್ತಾಗುವುದು ಹೇಗೆ?

ಕಲಬುರಗಿಯ ಅಡತ್ ಅಂಗಡಿಯವರಿಗಾಗಿ ನಮ್ಮ ತಂಡ ಸ್ವಿಫ್ಟ್‌ಯುಐನಲ್ಲಿ (ಆ್ಯಪ್‌ನ ಪರದೆಗಳನ್ನು ಕಟ್ಟಲು ಆ್ಯಪಲ್ ಕೊಟ್ಟಿರುವ ಸಾಧನ) ಒಂದು ಐಫೋನ್ ಆ್ಯಪ್ ಮಾಡುತ್ತಿದೆ. ತೊಗರಿ, ಕಡಲೆ, ಹೆಸರುಕಾಳು, ಸೂರ್ಯಕಾಂತಿ ಹೀಗೆ ಸಾಲುಗಳು. ಎಡಕ್ಕೆ ಬೆಳೆಯ ಹೆಸರು, ಪಕ್ಕದಲ್ಲಿ ಕ್ವಿಂಟಲ್ ದರ. ದರಗಳೆಲ್ಲ ಒಂದೇ ನೇರಕ್ಕೆ ನಿಲ್ಲಬೇಕಾದರೆ ಎಲ್ಲಕ್ಕಿಂತ ಉದ್ದದ ಹೆಸರಿನ ಅಗಲ ಪಟ್ಟಿಗೆ ಗೊತ್ತಿರಬೇಕು. ಆದರೆ ಅದು ಗೊತ್ತಿರುವುದು ಆ ಸಾಲಿಗೆ ಮಾತ್ರ! ಅಂದಾಜಿನ ಅಗಲ ಕೊಟ್ಟರೆ ಯಜಮಾನರು ಅಕ್ಷರ ದೊಡ್ಡದು ಮಾಡಿಕೊಂಡ ಕೂಡಲೇ ಕೆಡುತ್ತದೆ.

ಐಒಎಸ್ 16ರಲ್ಲಿ ಬಂದ, ಸಾಲು-ಕಾಲಂಗಳನ್ನು ತಾನೇ ಹೊಂದಿಸುವ ಗ್ರಿಡ್ ಇದನ್ನು ಸಲೀಸಾಗಿ ಮಾಡುತ್ತದೆ. ಆದರೆ ಐಫೋನ್ 7 ಐಒಎಸ್ 15ಕ್ಕೇ ನಿಂತಿದೆ, ಅಂಥ ಫೋನ್ ಇಟ್ಟುಕೊಂಡವರನ್ನು ಬಿಡಲು ನಮಗೆ ಮನಸ್ಸಿಲ್ಲ.

ಸ್ವಿಫ್ಟ್‌ಯುಐನಲ್ಲಿ ಪರದೆಯ ಪ್ರತಿ ತುಂಡೂ ಒಂದು ವ್ಯೂ, ಒಂದರೊಳಗೆ ಇನ್ನೊಂದು ಕೂರುತ್ತದೆ. ಹೊರಗಿನ ವ್ಯೂನಿಂದ ಒಳಗಿನದಕ್ಕೆ, ಅಂದರೆ ಮೇಲಿನಿಂದ ಕೆಳಕ್ಕೆ, ಮಾಹಿತಿ ಇಳಿಸಲು ಎನ್ವಿರಾನ್‌ಮೆಂಟ್ ಇದೆ. ಕೆಳಗಿನಿಂದ ಮೇಲಕ್ಕೆ ಕಳಿಸಲು ಪ್ರಿಫರೆನ್ಸ್‌ಕೀ. 2019ರ ಮೊದಲ ಆವೃತ್ತಿಯಿಂದಲೇ ಇದೆ, ಆದರೂ ಇದನ್ನು ಮುಟ್ಟುವವರು ಕಡಿಮೆ. ಒಳಗೆ ಒಂದೇ ಮಗು ವ್ಯೂ ಇದ್ದರೆ ಬೈಂಡಿಂಗ್ (ಎರಡೂ ವ್ಯೂ ಹಂಚಿಕೊಳ್ಳುವ ಒಂದೇ ಮೌಲ್ಯ) ಸಾಕು. ಹಲವು ಸಾಲುಗಳ ಉತ್ತರ ಸೇರಿ ಒಂದು ಉತ್ತರ ಆಗಬೇಕಾದಾಗ ಮಾತ್ರ ಇದು ಬೇಕು.

ಪ್ರಿಫರೆನ್ಸ್‌ಕೀಯ ಜೀವ ಇರುವುದು ಹಲವು ಉತ್ತರಗಳನ್ನು ಒಂದು ಮಾಡುವ ರೆಡ್ಯೂಸ್ ಫಂಕ್ಷನ್‌ನಲ್ಲಿ. ನಮ್ಮಲ್ಲಿ ಅದು ಬಂದಿರುವ ಅಗಲ, ಮುಂದಿನ ಅಗಲ, ಎರಡರಲ್ಲಿ ದೊಡ್ಡದನ್ನು ಇಟ್ಟುಕೊಳ್ಳುತ್ತದೆ. ಯಾರೂ ಏನೂ ಹೇಳದಿದ್ದರೆ ಡೀಫಾಲ್ಟ್ ಸೊನ್ನೆ. ಬಳಸುವವರಲ್ಲೂ ತುಂಬಾ ಜನ ಅಲ್ಲಿ ಸುಮ್ನೆ ಮುಂದಿನ ಅಗಲವನ್ನೇ ತುಂಬಿಬಿಡುತ್ತಾರೆ. ಆಗ ಕೊನೆಯ ಸಾಲು ಹೇಳಿದ್ದೇ ನಿಲ್ಲುತ್ತದೆ. ಕೊನೆಗೆ ಸೂರ್ಯಕಾಂತಿ ಇರುವವರೆಗೂ ಎಲ್ಲ ಸರಿಯಾಗೇ ಕಾಣುತ್ತದೆ, ಪಟ್ಟಿಯ ಕ್ರಮ ಬದಲಾದ ದಿನ ಬಣ್ಣ ಬಯಲು.

ವ್ಯೂಗೆ ಒಂದರ ಮೇಲೊಂದು ಹಚ್ಚುವ ಮಾಡಿಫೈಯರ್‌ಗಳ ಕ್ರಮವೂ ಅಷ್ಟೇ ಮುಖ್ಯ. ಹೆಸರಿನ ಟೆಕ್ಸ್ಟ್‌ಗೆ ಮೊದಲು ಫಿಕ್ಸೆಡ್‌ಸೈಜ್, ಅಕ್ಷರಗಳು ತಮ್ಮ ಸಹಜ ಅಗಲಕ್ಕೇ ನಿಲ್ಲಲಿ ಎಂದು. ಆಮೇಲೆ ಬ್ಯಾಕ್‌ಗ್ರೌಂಡ್‌ನಲ್ಲಿ ಅಗಲ ಅಳೆಯುವ ಜಿಯಾಮೆಟ್ರಿರೀಡರ್, ಅದರೊಳಗೆ ಪಾರದರ್ಶಕ ಬಣ್ಣದ ಮೇಲೆ ಆ ಅಗಲವನ್ನು ಮೇಲಕ್ಕೆ ಕಳಿಸುವ ಪ್ರಿಫರೆನ್ಸ್. ಕೊನೆಗೆ ಕಾಲಂನ ಅಗಲ ಕೊಡುವ ಫ್ರೇಮ್. ಫ್ರೇಮ್ ಆದ ಮೇಲೆ ಅಳೆದರೆ ನಾವು ಕೊಟ್ಟ ಅಗಲವೇ ನಮಗೆ ವಾಪಸ್ ಬರುತ್ತದೆ. ಅಕ್ಷರ ಚಿಕ್ಕದು ಮಾಡಿದರೂ ಕಾಲಂ ಕುಗ್ಗುವುದಿಲ್ಲ.

ಪಟ್ಟಿಯ ಕಡೆ ಕೆಲಸ ಕಡಿಮೆ. ಆನ್‌ಪ್ರಿಫರೆನ್ಸ್‌ಚೇಂಜ್‌ನಲ್ಲಿ ಬಂದ ಅಗಲವನ್ನು ಸ್ಟೇಟ್‌ನಲ್ಲಿ (ವ್ಯೂ ತಾನೇ ನೆನಪಿಟ್ಟುಕೊಳ್ಳುವ ಮೌಲ್ಯ) ಇಟ್ಟು ಎಲ್ಲ ಸಾಲಿಗೂ ಫ್ರೇಮ್‌ಗೆಂದು ಕೊಡುವುದು, ಅಷ್ಟೇ. ಸಾಲುಗಳಿಗೂ ಪಟ್ಟಿಗೂ ನಡುವಿನ ಯಾವುದಾದರೂ ಡಬ್ಬಿಗೆ (ಸಾಲುಗಳನ್ನು ಹಿಡಿದಿರುವ ವ್ಯೂ) ಅದೇ ಕೀಯ ಪ್ರಿಫರೆನ್ಸ್ ಹಾಕಿದರೆ ಮಾತ್ರ ಒಳಗಿನ ಸಾಲುಗಳ ಮಾತು ಅಳಿಸಿಹೋಗುತ್ತದೆ. ಅಲ್ಲಿ ಬಂದದ್ದನ್ನು ಅಳಿಸದೆ ತಿದ್ದುವ ಟ್ರಾನ್ಸ್‌ಫಾರ್ಮ್‌ಪ್ರಿಫರೆನ್ಸ್ ಬಳಸಿ.

ಇನ್ನೊಂದು ವಿಷಯ: ಸಾಲುಗಳನ್ನು ಮೇಲಿಂದ ಕೆಳಕ್ಕೆ ಜೋಡಿಸುವುದು ವಿಸ್ಟ್ಯಾಕ್, ಬೇಕಾದಾಗ ಮಾತ್ರ ಸಾಲು ಕಟ್ಟುವುದು ಲೇಜಿವಿಸ್ಟ್ಯಾಕ್. ಲೇಜಿವಿಸ್ಟ್ಯಾಕ್‌ನಲ್ಲಿ ಪರದೆಗೆ ಇನ್ನೂ ಬರದ ಸಾಲುಗಳು ಏನನ್ನೂ ಹೇಳುವುದಿಲ್ಲ, ಸ್ಕ್ರಾಲ್ ಮಾಡಿದಾಗ ಕಾಲಂ ಜಿಗಿಯಬಹುದು. ನಮ್ಮ ಬೆಳೆಗಳ ಪಟ್ಟಿ ಚಿಕ್ಕದು, ಹಾಗಾಗಿ ಸಾದಾ ವಿಸ್ಟ್ಯಾಕ್‌ನಲ್ಲೇ ಇಟ್ಟಿದ್ದೇವೆ.