ಕ್ಯಾಂಪರ್ ಗೀಸರ್ ರಿಪೇರಿಗೆ ಕರೆದರೆ ಮೊದಲು ಪ್ಲಗ್ ನೋಡಿ

ಗಂಗಾವತಿ ಸುತ್ತ ವೈರಿಂಗ್, ಮೋಟಾರ್, ಗೀಸರ್ ಕೆಲಸ ಮಾಡುವ ನಮ್ಮಂಥವರಿಗೆ ಈಗ ಹೊಸ ಬಗೆಯ ಗಿರಾಕಿಗಳು ಸಿಗುತ್ತಿದ್ದಾರೆ. ಚಳಿ ಶುರುವಾಯಿತೆಂದರೆ ಆನೆಗುಂದಿ, ಸಾಣಾಪುರ ಕಡೆ ಕ್ಯಾಂಪರ್ ವ್ಯಾನ್ ತಂದು ನಿಲ್ಲಿಸುವವರು ಇವರು. ಒಳಗೆ ಮಲಗೋ ಜಾಗ, ಸಣ್ಣ ಸಿಂಕ್, ಮೂಲೆಯಲ್ಲಿ ಬಿಗಿದಿಟ್ಟ 10 ಲೀಟರ್ ಗೀಸರ್. ಫೋನ್ ಬಂದರೆ ದೂರು ಹೆಚ್ಚಾಗಿ ಒಂದೇ: "ಸರ್, ನೀರು ಕಾಯ್ತಿಲ್ಲ, ಕಾಯಿಲ್ ಹೋಗಿದೆ."

ಕಾಯಿಲ್, ಅಂದರೆ ನೀರು ಕಾಯಿಸುವ ಎಲಿಮೆಂಟ್, ಹೋಗಿದೆ ಅಂತ ಅವರೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಬೆಂಗಳೂರಿನಿಂದ ಬಂದಿದ್ದ ಒಂದು ಕುಟುಂಬಕ್ಕಂತೂ ದಾರಿಯಲ್ಲಿ ಒಬ್ಬ ಮೆಕ್ಯಾನಿಕ್ "ಕಾಯಿಲ್ ವೀಕ್ ಆಗಿದೆ" ಅಂದಿದ್ದನಂತೆ, ಅವರು ಹೊಸ ಕಾಯಿಲ್ ಕೊಂಡು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು, ನಾನು ಹಾಕಿಕೊಟ್ಟರೆ ಸಾಕು ಅನ್ನೋ ಹಾಗೆ. ನೋಡಿ, ಕಾಯಿಲ್ ಅನ್ನೋದು ಬ್ಯಾಟರಿ ಥರ ನಿಧಾನಕ್ಕೆ ಸೊರಗೋ ವಸ್ತುವಲ್ಲ. ಅದು ಸಾಮಾನ್ಯವಾಗಿ ಸರಿ ಇರುತ್ತದೆ, ಇಲ್ಲವೇ ಕಟ್ ಆಗಿರುತ್ತದೆ, ಇಲ್ಲವೇ ಅದರ ಕರೆಂಟ್ ಗೀಸರ್‌ನ ಲೋಹದ ಮೈಗೆ ಲೀಕ್ ಆಗಿರುತ್ತದೆ. 230 ವೋಲ್ಟ್‌ನ 1500 ವ್ಯಾಟ್ ಕಾಯಿಲ್‌ಗೆ ಓಮ್ ಎಷ್ಟು ಬರಬೇಕು? 230 ಇಂಟು 230, ಭಾಗಿಸು 1500, ಸುಮಾರು 35. ಪ್ಲಗ್ ಕಿತ್ತು, ಕಾಯಿಲ್‌ನ ಒಂದು ವೈರ್ ಬಿಚ್ಚಿ ಮೀಟರ್ ಹಿಡಿದೆ. 35 ಚಿಲ್ಲರೆ ಬಂತು. ಕಾಯಿಲ್ ಮಾತು ಅಲ್ಲಿಗೆ ಮುಗೀತು.

ಹಾಗಾದರೆ ನೀರು ಯಾಕೆ ಕಾಯ್ತಿಲ್ಲ?

ಇಲ್ಲಿ ನಮ್ಮ ಹುಡುಗರು ಎಡವೋದು ಜಾಸ್ತಿ. ಗೀಸರ್ ಆಫ್ ಇದ್ದಾಗ ಟರ್ಮಿನಲ್‌ನಲ್ಲಿ ವೋಲ್ಟೇಜ್ ನೋಡಿ "ಕರೆಂಟ್ ಸರಿ ಇದೆ ಅಣ್ಣಾ" ಅನ್ನುತ್ತಾರೆ. ಲೋಡ್ ಇಲ್ಲದಾಗ ಎಂಥ ಬಡಕಲು ವೈರ್ ಕೂಡ ಚೆನ್ನಾಗಿ ತೋರಿಸುತ್ತದೆ. ಗೀಸರ್ ಆನ್ ಮಾಡಿ, ಕಾಯಿಲ್ ಎಳೆಯುತ್ತಿರುವಾಗ ನೋಡಬೇಕು. ಆ ವ್ಯಾನಿನಲ್ಲಿ ಆಫ್ ಇದ್ದಾಗ 208 ಇತ್ತು, ಆನ್ ಮಾಡಿದರೆ 178ಕ್ಕೆ ಬಿತ್ತು. ವ್ಯಾನ್ ನಿಲ್ಲಿಸಿ ಕರೆಂಟ್ ತೆಗೆದುಕೊಂಡಿದ್ದ ಹೋಂಸ್ಟೇಯ ಬೋರ್ಡ್‌ನಲ್ಲೇ ಲೋಡ್ ಬಿದ್ದಾಗ 196. ಅಂದರೆ ಊರಿನ ಲೈನ್ ಸ್ವಲ್ಪ ತಿಂದಿತ್ತು, ಉಳಿದಿದ್ದನ್ನು ಬೋರ್ಡ್‌ನಿಂದ ವ್ಯಾನಿಗೆ ಇವರು ಎಳೆದಿದ್ದ ಎಕ್ಸ್‌ಟೆನ್ಷನ್ ವೈರ್ ತಿಂದಿತ್ತು. ಗದ್ದೆ ಕಡೆ ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ಲೈನ್ ಕೊನೆಯಲ್ಲಿರೋ ಮನೆಗಳಿಗೆ ಇದೇನು ಹೊಸದಲ್ಲ.

ವೋಲ್ಟೇಜ್ ಸ್ವಲ್ಪ ಇಳಿದರೆ ಕಾವು ಸ್ವಲ್ಪ ಇಳಿಯುತ್ತದೆ ಅಂದುಕೊಳ್ಳಬೇಡಿ. ಅದು ವೋಲ್ಟೇಜ್‌ನ ವರ್ಗದ ಲೆಕ್ಕದಲ್ಲಿ ಬೀಳುತ್ತದೆ. 178 ವೋಲ್ಟ್‌ಗೆ 1500 ವ್ಯಾಟ್ ಕಾಯಿಲ್ ಕೊಡೋದು ಬರೀ 900 ವ್ಯಾಟ್. 10 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಪೂರ್ತಿ ವೋಲ್ಟೇಜ್ ಇದ್ದರೆ ಹದಿನಾರು ಹದಿನೇಳು ನಿಮಿಷ ಸಾಕು, ಇಲ್ಲಿ ಹತ್ತಿರ ಹತ್ತಿರ ಅರ್ಧ ಗಂಟೆ. ಅವರೋ ಮನೆಯ ಅಭ್ಯಾಸದಲ್ಲಿ ಕಾಲು ಗಂಟೆಗೆ ಬಕೆಟ್ ಹಿಡಿದು ನಿಲ್ಲುತ್ತಿದ್ದರು.

ಎಕ್ಸ್‌ಟೆನ್ಷನ್ ಏನಪ್ಪಾ ಅಂದರೆ, ಸೀರಿಯಲ್ ಲೈಟಿಗೆ ಹಾಕುವಂಥ ತೆಳು ವೈರ್, ಅದೂ ಅರ್ಧಕ್ಕರ್ಧ ರೀಲಿಗೆ ಸುತ್ತಿಕೊಂಡೇ ಇತ್ತು. ಪ್ಲಗ್ ಮುಟ್ಟಿದರೆ ಬಿಸಿ, ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಗೀಸರ್‌ಗೆ ಹೋಗಬೇಕಾದ ಕಾವು ಅಲ್ಲಿ ಖರ್ಚಾಗುತ್ತಿತ್ತು! ಸುತ್ತಿದ ವೈರ್‌ನ ಬಿಸಿ ಹೊರಗೆ ಹೋಗೋದಿಲ್ಲ, ಕರಗಿ ಒಳಗೊಳಗೇ ಶಾರ್ಟ್ ಆಗಬಹುದು. 2.5 ಸ್ಕ್ವೇರ್ ಎಂಎಂ ತಾಮ್ರದ ಮೂರು ಎಳೆ ವೈರ್, 16 ಆಂಪ್ ಪ್ಲಗ್ ಹಾಕಿ, ವ್ಯಾನನ್ನು ಬೋರ್ಡ್ ಹತ್ತಿರಕ್ಕೆ ತರಿಸಿದೆ. ಆಮೇಲೆ ಗೀಸರ್ ಹತ್ತಿರ 195ರ ಆಸುಪಾಸು ನಿಂತಿತು.

ಈಗ ಗೀಸರ್‌ನಿಂದ ಹೊರಬರುವ ಪೈಪ್ ಮುಟ್ಟಿದರೆ ಸುಡುತ್ತಿತ್ತು. ಆದರೂ ನಲ್ಲಿಯಲ್ಲಿ ಉಗುರುಬೆಚ್ಚಗೆ! ಮನೆ ಗೀಸರ್ ಅಷ್ಟೇ ಗೊತ್ತಿದ್ದವರಿಗೆ ಇದು ತಲೆಕೆಡಿಸುತ್ತದೆ. ಗೀಸರ್‌ಗೆ ತಣ್ಣೀರು ಹೋಗುವ ವಾಲ್ವ್ ಪೂರ್ತಿ ಬಂದ್ ಮಾಡಿ, ಬಿಸಿ ನಲ್ಲಿ ಬಿಡಿ. ನೀರು ನಿಲ್ಲಬೇಕು. ನಿಲ್ಲದೆ ಹರಿಯುತ್ತಲೇ ಇದ್ದರೆ ತಣ್ಣೀರು ಬೇರೆಲ್ಲಿಂದಲೋ ಬಿಸಿ ಲೈನಿಗೆ ನುಗ್ಗುತ್ತಿದೆ ಅಂತ ಅರ್ಥ. ಇಲ್ಲೂ ಹರಿಯಿತು. ವ್ಯಾನಿನ ಹಿಂದೆ ಕೈಕಾಲು ತೊಳೆಯೋಕೆ ಒಂದು ಹ್ಯಾಂಡ್ ಶವರ್ ಇತ್ತು. ಮಕ್ಕಳು ಬಳಸಿ, ಶವರ್ ತುದಿಯ ಬಟನ್ ಮಾತ್ರ ಒತ್ತಿ ನಿಲ್ಲಿಸಿದ್ದರು. ಹಿಂದಿನ ಎರಡೂ ನಲ್ಲಿ, ಬಿಸಿದೂ ತಣ್ಣಂದೂ, ತೆರೆದೇ ಇದ್ದವು. ಅಲ್ಲಿ ಎರಡೂ ಲೈನ್ ಕೂಡಿ, ಪಂಪ್ ತಳ್ಳಿದ ತಣ್ಣೀರು ಬಿಸಿ ಪೈಪಿಗೆ ಸೇರುತ್ತಿತ್ತು. ಆ ಎರಡು ನಲ್ಲಿ ತಿರುಗಿಸಿದ್ದೇ ರಿಪೇರಿ. ಹೊರದೇಶದ ವ್ಯಾನ್‌ಗಳಲ್ಲಾದರೆ ಬೈಪಾಸ್ ವಾಲ್ವ್ ಕೂಡ ನೋಡಿ. ಚಳಿ ದೇಶದಲ್ಲಿ ಗೀಸರ್ ಖಾಲಿ ಮಾಡಿಡೋಕೆ ಅದನ್ನು ಇಟ್ಟಿರುತ್ತಾರೆ, ಅದು ತಪ್ಪು ಕಡೆ ತಿರುಗಿದ್ದರೆ ಟ್ಯಾಂಕಿಗೆ ನೀರೇ ತುಂಬೋದಿಲ್ಲ. ಖಾಲಿ ಟ್ಯಾಂಕಿನಲ್ಲಿ ಸ್ವಿಚ್ ಹಾಕಿದರೆ ಕಾಯಿಲ್ ಸುಟ್ಟು ಹೋಗೋದಕ್ಕೆ ಹೆಚ್ಚು ಹೊತ್ತು ಬೇಡ. ಬಿಸಿ ನಲ್ಲಿಯಲ್ಲಿ ಗಾಳಿ ಉಗುಳೋದು ನಿಂತು ನೀರು ಒಂದೇ ಸಮ ಬಂದ ಮೇಲಷ್ಟೇ ಸ್ವಿಚ್.

ಸೇಫ್ಟಿ ವಾಲ್ವ್‌ನಿಂದ ಕಾಯುವಾಗ ಹನಿ ಹನಿ ಬೀಳುತ್ತೆ ಅಂತಲೂ ಅವರು ತೋರಿಸಿದರು. ನೀರು ಬಿಸಿಯಾದರೆ ಹಿಗ್ಗುತ್ತದೆ, ಹಿಂದಕ್ಕೆ ಹೋಗೋಕೆ ದಾರಿ ಇರೋದಿಲ್ಲ, ಅಲ್ಲಿಂದ ಬರುತ್ತದೆ. ಬಿಡಿ. ಅದಕ್ಕೆ ಡಮ್ಮಿ ಹಾಕಿ ಮುಚ್ಚುವವರನ್ನು ನೋಡಿದ್ದೇನೆ, ಅಂಥವರ ಕೈಗೆ ಸ್ಪ್ಯಾನರ್ ಕೊಡಬಾರದು.

ನನಗೆ ಹೆಚ್ಚು ಚಿಂತೆ ತಂದಿದ್ದು ಅರ್ಥಿಂಗ್. ಆ ಬೋರ್ಡ್‌ನಲ್ಲಿ ಮೂರನೇ ತೂತು ಇತ್ತು, ಅದರ ಹಿಂದೆ ವೈರ್ ಇರಲಿಲ್ಲ. ವ್ಯಾನ್ ನಿಂತಿರೋದು ರಬ್ಬರ್ ಟೈರ್ ಮೇಲೆ. ಕಾಯಿಲ್ ಲೀಕ್ ಆದರೆ ವ್ಯಾನಿನ ಇಡೀ ತಗಡಿನ ಮೈಗೆ ಕರೆಂಟ್ ಬರುತ್ತದೆ, ಒಳಗಿದ್ದವರಿಗೆ ಏನೂ ಗೊತ್ತಾಗೋದಿಲ್ಲ. ಒದ್ದೆ ಕಾಲಲ್ಲಿ ನೆಲದ ಮೇಲೆ ನಿಂತು ಬಾಗಿಲ ಹಿಡಿ ಹಿಡಿದವರಿಗೆ ಗೊತ್ತಾಗುತ್ತದೆ. 30 ಮಿಲಿ ಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ತಾನೇ ಲೈನ್ ಕಡಿಯುವ ಸ್ವಿಚ್) ಇದ್ದರೆ ಟ್ರಿಪ್ ಆಗುತ್ತದೆ ನಿಜ, ಆದರೆ ಅರ್ಥ್ ಇಲ್ಲದಿದ್ದರೆ ಅದು ಟ್ರಿಪ್ ಆಗೋದು ಯಾರಾದರೂ ಮುಟ್ಟಿದ ಮೇಲೆಯೇ. ಸಾಣಾಪುರದ ಕಡೆ ಎಲ್ಲಿ ಅಗೆದರೂ ಬಂಡೆ. ಒಂದು ಮೊಳ ರಾಡ್ ಬಡಿದು ಅರ್ಥಿಂಗ್ ಆಯ್ತು ಅನ್ನೋಕಾಗಲ್ಲ, ಮಣ್ಣಿರುವ ಜಾಗ ಹುಡುಕಿ ಆಳಕ್ಕೆ ಗುಂಡಿ ತೋಡಬೇಕು. ಹೋಂಸ್ಟೇಯವರು "ಸಂಕ್ರಾಂತಿ ರಶ್ ಮುಗೀಲಿ ರೀ, ಮಾಡಿಸೋಣಂತೆ" ಅಂದರು. ಅಲ್ಲಿಯವರೆಗೆ ಆ ಬೋರ್ಡ್‌ಗೆ ವ್ಯಾನ್ ಹಾಕೋದು ಬೇಡ ಅಂತ ಹೇಳಿ, ಅರ್ಥ್ ಇದ್ದ ಅಡುಗೆಮನೆ ಬೋರ್ಡ್‌ನಿಂದ ಎಳೆದುಕೊಟ್ಟೆ.

ದುಡ್ಡಿನ ಮಾತಿಗೆ ಬಂದಾಗ ವ್ಯಾನಿನ ಸಾಹೇಬರು ನಕ್ಕರು. "ಪಾರ್ಟ್ ಏನೂ ಹಾಕಿಲ್ವಲ್ಲ?" ಅಂದರು. ವೈರ್ ಮತ್ತು ಪ್ಲಗ್‌ನ ಬಿಲ್ ಬೇರೆ, ನನ್ನ ಕೂಲಿ ಬೇರೆ ಅಂದೆ. ಮೊದಲಿನ ಮತ್ತು ಆಮೇಲಿನ ವೋಲ್ಟೇಜ್, ಕಾಯಿಲ್‌ನ ಓಮ್, ಅರ್ಥ್ ಇಲ್ಲದ ಬೋರ್ಡ್ ಯಾವುದು, ಎಲ್ಲ ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಚೌಕಾಸಿ ಮಾಡದೆ ಕೊಟ್ಟರು. ಹೊಸ ಕಾಯಿಲ್ ಬಾಕ್ಸ್ ಒಡೆದಿರಲಿಲ್ಲ, ಕೊಂಡ ಅಂಗಡಿಗೇ ವಾಪಸ್ ಕೊಡಿ ಅಂದೆ.